ಉಸಿರಿನ ಎರಡನೇ ಪ್ರತಿ

ಹೋದ ವರ್ಷ ಮೃಗಶಿರಾ ಮಳೆ ಹಿಡಿದ ದಿನ ನಾನು ಕಲಬುರಗಿಯಿಂದ ಸೇಡಂಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಕೂತಿದ್ದೆ. ವಾಡಿ ಸ್ಟೇಷನ್ನು ಇನ್ನೇನು ಬಂತು ಅನ್ನುವಾಗ ಗಾಡಿ ನಿಂತುಬಿಟ್ಟಿತು. ತೆರೆದ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಮೊದಲ ಮಳೆಗೆ ಮಣ್ಣಿನ ವಾಸನೆ ಬಂತು ಎಂದು ಜನ ಕಣ್ಣು ಮುಚ್ಚಿ ಸುಖಪಡುತ್ತಾರಲ್ಲ, ಅದಲ್ಲ ಇದು. ತಗಡು, ಗಿಡ, ಗೋಡೆಗಳ ಮೇಲೆ ವರ್ಷಗಟ್ಟಲೆ ಕೂತ ಸಿಮೆಂಟ್ ಧೂಳಿನ ಮೇಲೆ ಹನಿ ಬಿದ್ದಾಗ ಏಳುವ ವಾಸನೆ. ಮೂಗಿನಲ್ಲಿ ನಿಲ್ಲುವುದಿಲ್ಲ, ಗಂಟಲಿಗೆ ಇಳಿದು ಅಲ್ಲೇ ಕೂರುತ್ತದೆ. ನಾನು ಪಟ್ಟನೆ ಕಿಟಕಿ ಹಾಕಿದೆ.

“ಅಯ್ಯ, ತೆಗೀರಿ ಯವ್ವಾ, ಎಷ್ಟ್ ಛಂದ ಗಾಳಿ ಬರ್ಲಿಕತ್ತಿತ್ತು!” ಎಂದಳು ಎದುರಿಗೆ ಕೂತಿದ್ದ ಹೆಣ್ಣುಮಗಳು.

“ನಿನಗ ಛಂದ, ನನಗಲ್ಲ” ಎಂದೆ. ಅವಳು ಮುಖ ಊದಿಸಿಕೊಂಡು ಆ ಕಡೆ ತಿರುಗಿದಳು. ಪಾಪ, ಅವಳ ತಪ್ಪೇನಿದೆ? ಅದು ನನ್ನ ಅಣ್ಣ ಮಲ್ಲಣ್ಣನ ಅಂಗಿಯ ವಾಸನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

ಎಂಬತ್ತರ ದಶಕದ ನಡುವಿನ ಮಾತು. ಆಗ ವಾಡಿಗೂ ಶಹಾಬಾದಕ್ಕೂ ನಡುವೆ ಒಂದು ಸಣ್ಣ ಸಿಮೆಂಟ್ ಕಾರ್ಖಾನೆ ಇತ್ತು. ಈಗಿಲ್ಲ. ಮುಚ್ಚಿಹೋದದ್ದರ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ, ಬಿಡಿ. ಮಲ್ಲಣ್ಣ ಅಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದ. ಮೇಲಿನ ನಳಿಕೆಯಿಂದ ಬಿಸಿ ಬಿಸಿ ಸಿಮೆಂಟು ಚೀಲಕ್ಕೆ ಇಳಿಯುತ್ತದೆ, ಇವರು ಚೀಲ ಹಿಡಿಯಬೇಕು, ತುಂಬಿದ್ದನ್ನು ತಳ್ಳಬೇಕು, ಮತ್ತೊಂದು ಹಿಡಿಯಬೇಕು. ಪಾಳಿ ಮುಗಿಸಿ ಹೊರಬಂದರೆ ಗುರುತು ಸಿಗುತ್ತಿರಲಿಲ್ಲ, ಹುಬ್ಬು ರೆಪ್ಪೆ ಸಮೇತ ಬೆಳ್ಳಗಾಗಿರುತ್ತಿದ್ದರು. ಧೂಳು ಗಂಟಲಿಗೆ ಅಂಟಬಾರದು ಎಂದು ಕಂಪನಿ ಅವರಿಗೆ ಬೆಲ್ಲ ಹಂಚುತ್ತಿತ್ತು. ಎಂಥಾ ದೊಡ್ಡ ಮನಸ್ಸು ನೋಡಿ! ಮಲ್ಲಣ್ಣ ತನ್ನ ಪಾಲಿನ ಬೆಲ್ಲದಲ್ಲಿ ಅರ್ಧ ತಿಂದು ಅರ್ಧ ನನಗೂ ವೈನಿಗೂ ತರುತ್ತಿದ್ದ. ಅವನ ಹೆಂಡತಿ ನೀಲಮ್ಮ ವೈನಿ ಅದರಲ್ಲಿ ಚಹಾ ಮಾಡುತ್ತಿದ್ದಳು.

ನಮ್ಮದು ಭಂಕೂರು. ಅಪ್ಪ ಅವ್ವ ಇಬ್ಬರೂ ಬೇಗ ಹೋಗಿದ್ದರು, ಮನೆಯಲ್ಲಿ ನಾವು ಮೂವರೇ. ನಾನು ಶಹಾಬಾದದಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಅದೇ ಕಾರ್ಖಾನೆಯ ಆಫೀಸಿಗೆ ಸೇರಿದ್ದೆ. ದಿನಾ ಬೆಳಿಗ್ಗೆ ಅಣ್ಣ ಸೈಕಲ್ ತುಳಿಯುವುದು, ನಾನು ಹಿಂದಿನ ಕ್ಯಾರಿಯರ್ ಮೇಲೆ ರೊಟ್ಟಿ ಗಂಟು ಹಿಡಿದು ಕೂರುವುದು. ದಾರಿಯಲ್ಲಿ ಹಳೆಯ ಕಲ್ಲಿನ ಖಣಿಯ ಹತ್ತಿರ ಒಂದು ಏರು ಬರುತ್ತದೆ. ಮೊದಲೆಲ್ಲ ಅಲ್ಲಿ ಅವನು ಸೀಟು ಬಿಟ್ಟು ಎದ್ದು ನಿಂತು, ಹಾಡು ಹೇಳಿಕೊಂಡು ತುಳಿಯುತ್ತಿದ್ದ. ಆಮೇಲೆ ಹಾಡು ನಿಂತಿತು. ಆಮೇಲೆ ಏರಿನ ಬುಡದಲ್ಲೇ, “ಇಳಿ ಶಾಂತಾ, ಚೈನ್ ಸಡ್ಲಾಗ್ಯಾದ” ಎನ್ನತೊಡಗಿದ. ಚೈನ್ ಸರಿಯಾಗಿಯೇ ಇತ್ತು. ಅವನ ಬಾಯಿಂದ ಬರುವ ಸುಯ್ಲು ನನಗೆ ಕೇಳುತ್ತಿತ್ತು. ಆದರೂ ನಾನು ಇಳಿದು, “ಹೌದು ನೋಡು, ಎಣ್ಣಿ ಬಿಡ್ಬೇಕದಕ್ಕ” ಎನ್ನುತ್ತಾ ಪಕ್ಕದಲ್ಲಿ ನಡೆಯುತ್ತಿದ್ದೆ.

ಅಂಥದ್ದು ಅವನೊಬ್ಬನಿಗೇ ಆಗಿರಲಿಲ್ಲ. ಅದನ್ನು ಮೊದಲು ಕಂಡವರು ಕಾರ್ಖಾನೆಯ ದವಾಖಾನೆಯ ಡಾಕ್ಟರ್ ಮಹಮೂದ್ ಸಾಹೇಬರು. ಶಹಾಬಾದದವರು, ಐವತ್ತು ದಾಟಿದ್ದರು, ಬಾಯಿ ಜೋರು, ಮನಸ್ಸು ಹೂವು. ಅವರು ಎಲ್ಲಿಂದಲೋ ಒಂದು ಊದುವ ಯಂತ್ರ ತರಿಸಿದ್ದರು. ಅದರ ನಳಿಕೆಗೆ ಬಾಯಿಟ್ಟು ಜೋರಾಗಿ ಊದಿದರೆ ಎದೆಯಲ್ಲಿ ಎಷ್ಟು ದಮ್ಮಿದೆ ಎಂದು ಮುಳ್ಳು ತೋರಿಸುತ್ತಿತ್ತು. ಪ್ಯಾಕಿಂಗಿನವರನ್ನೆಲ್ಲ ತಿಂಗಳಿಗೊಮ್ಮೆ ಕರೆದು, “ಊದು, ಊದು, ಬಿಡಬ್ಯಾಡ, ಇನ್ನಾ ಊದೋ!” ಎಂದು ಅವರು ಕೂಗುವುದು ಗೇಟಿನವರೆಗೆ ಕೇಳುತ್ತಿತ್ತು. “ಡಾಕ್ಟರ್ ಸಾಬ್ರು ನಮ್ಮ ಕಡಿಂದ ಶಂಖಾ ಊದಸ್ಲಿಕತ್ತಾರ” ಎಂದು ಗಂಡಸರು ನಗುತ್ತಿದ್ದರು.

ಒಂದು ಸಲ ಊದಿದ್ದರಿಂದ ಏನೂ ಗೊತ್ತಾಗುವುದಿಲ್ಲ. ಬೀಡಿ ಸೇದಿದ್ದಾನೆ, ಹುಟ್ಟಾ ಬಡಕಲ ಎಂದು ಯಾರಾದರೂ ತಳ್ಳಿಹಾಕಬಹುದು. ತಿಂಗಳ ಮೇಲೆ ತಿಂಗಳು, ಅದೇ ಮನುಷ್ಯನ ದಮ್ಮು ಇಳಿಯುತ್ತಾ ಬಂದದ್ದನ್ನು ತೋರಿಸಿದರೆ ಮಾತ್ರ ಬಾಯಿ ಮುಚ್ಚಬೇಕಾಗುತ್ತದೆ. ಹಾಗೆ ತೋರಿಸಿ, ಎದೆ ಹಾಳಾದವರನ್ನು ಅದೇ ಪಗಾರಕ್ಕೆ ಧೂಳಿಲ್ಲದ ಕೆಲಸಕ್ಕೆ, ತೋಟಕ್ಕೋ ಗೇಟಿಗೋ ಸ್ಟೋರಿಗೋ ಹಾಕಿಸಬೇಕು ಎನ್ನುವುದು ಡಾಕ್ಟರರ ಹಟ. ಎರಡು ವರ್ಷ ಹೀಗೆ ಊದಿಸಿದ ಮೇಲೆ, ಆ ವರ್ಷದ ದಸರೆ ಕಳೆದು ಸರ್ಕಾರದ ಕಮಿಟಿಯೊಂದು ಬಂದು ನೋಡುವುದು ಎಂದು ನಿಕ್ಕಿಯಾಯಿತು. ಮೊದಲಿಗೆ ಹೊರಬೀಳಬೇಕಾದವರಲ್ಲಿ ಮಲ್ಲಣ್ಣ ಇದ್ದ. “ದಸರಾ ಮುಗೀಲಿ, ಅಣ್ಣನ ಕೈಲಿ ಗುಲಾಬಿ ಗಿಡಕ್ಕ ನೀರು ಹಾಕಸ್ತೀನಿ” ಎಂದು ಡಾಕ್ಟರರು ನನಗೆ ಹೇಳಿದ್ದರು. ಅದನ್ನು ಮನೆಗೆ ಬಂದು ಹೇಳಿದಾಗ ವೈನಿ ನಕ್ಕಿದ್ದಳು. ಆ ವರ್ಷ ಅವಳು ಹಾಗೆ ನಕ್ಕದ್ದು ನನಗೆ ಬೇರೆ ನೆನಪಿಲ್ಲ.

ಈ ಲೆಕ್ಕವೆಲ್ಲ ಇದ್ದದ್ದು ನಮ್ಮ ಕಂಪ್ಯೂಟರಿನಲ್ಲಿ. ಹೌದು, ಆ ಧೂಳಿನ ಕೊಂಪೆಗೂ ಒಂದು ಕಂಪ್ಯೂಟರು ಬಂದಿತ್ತು. ಅದಕ್ಕೊಂದು ತಣ್ಣನೆಯ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ದಸರೆಗೆ ಅದಕ್ಕೂ ಪೂಜೆ. ಟೈಪಿಂಗ್ ಬರುತ್ತದೆ ಎಂದು ನನ್ನನ್ನು ಅದರ ಮುಂದೆ ಕೂರಿಸಿದರು, ಹೈದರಾಬಾದಿನಿಂದ ಬಂದವರು ನನಗೆ ಕಲಿಸಿ ಹೋದರು. ಅದರ ಇಂಚಾರ್ಜು ದೇಶಪಾಂಡೆ ಸಾಹೇಬರು ಸಣ್ಣ ವಯಸ್ಸಿನವರು, ಇಸ್ತ್ರಿ ಅಂಗಿಯ ಮನುಷ್ಯ, ಆದರೆ ಒಳ್ಳೆಯವರು. ಡಾಕ್ಟರರು ಕೇಳಿದ ಕೂಡಲೇ, “ಹಾಕ್ರಿ ನಿಮ್ಮ ಲೆಕ್ಕಾನೂ. ಮಶೀನಿಗೇನು ಹೊಟ್ಟಿ ತುಂಬ್ತದೇನು?” ಎಂದಿದ್ದರು. ದವಾಖಾನೆಯಿಂದ ಬಂದ ಕಾರ್ಡುಗಳನ್ನು ನೋಡಿ ನಾನು ಡೇಟಾಬೇಸಿನಲ್ಲಿ ಹೆಸರು, ತಿಂಗಳು, ದಮ್ಮಿನ ಅಂಕಿ ತುಂಬುತ್ತಿದ್ದೆ. ಒಂದು ಹೆಸರು ಹೊಡೆದರೆ ಸಾಕು, ಅವನ ಎರಡು ವರ್ಷದ ಉಸಿರು ಸಾಲಾಗಿ ಹಸಿರು ಅಕ್ಷರದಲ್ಲಿ ಮೂಡುತ್ತಿತ್ತು. ಡಾಕ್ಟರರು ಅದನ್ನು ನೋಡಲಿಕ್ಕೆಂದೇ ಚಪ್ಪಲಿ ಬಿಚ್ಚಿ ಬಂದು ನನ್ನ ಹಿಂದೆ ನಿಲ್ಲುತ್ತಿದ್ದರು.

ಕಾರ್ಡುಗಳು ಏನಾದವು? ಅದನ್ನು ಹೇಳುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಗ ಗುಳಿಗೆ ಈಗಿನ ಹಾಗೆ ಪಟ್ಟಿಯಲ್ಲಿ ಬರುತ್ತಿರಲಿಲ್ಲ, ದೊಡ್ಡ ಡಬ್ಬಿಯಿಂದ ಎಣಿಸಿ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡಬೇಕು. ಕಂಪೌಂಡರನಿಗೆ ಯಾವಾಗಲೂ ಕಾಗದದ ತೊಂದರೆ. ಕಂಪ್ಯೂಟರಿಗೆ ಹತ್ತಿದ ಕಾರ್ಡುಗಳನ್ನು ಅವನು ಕತ್ತರಿಸಿ ಪೊಟ್ಟಣಕ್ಕೆ ಇಟ್ಟುಕೊಂಡ. ಡಾಕ್ಟರರು ನೋಡಿದರು, ಸುಮ್ಮನಿದ್ದರು. ನಾನೂ ನೋಡಿದೆ. “ಮಶೀನಿನ್ಯಾಗ ಅದಲ್ಲ, ಇನ್ನೇನು” ಎನ್ನುವುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ಲೆಕ್ಕಪತ್ರ ವಿಭಾಗದವರು ಮಾತ್ರ ತಮ್ಮ ಒಂದೇ ಒಂದು ಚೀಟಿಯನ್ನೂ ಎಸೆಯಲಿಲ್ಲ. ಅವರಿಗೆ ಮಶೀನಿನ ಮೇಲೆ ಮೊದಲ ದಿನದಿಂದಲೂ ನಂಬಿಕೆ ಇರಲಿಲ್ಲ, ಅವರು ಬದುಕಿಕೊಂಡರು.

ಹಾಗೆಂದು ನಾವೇನೂ ಕಣ್ಣು ಮುಚ್ಚಿ ಕೂತಿರಲಿಲ್ಲ. ಶನಿವಾರ ಶನಿವಾರ ಬ್ಯಾಕಪ್, ಅಂದರೆ ಒಳಗಿದ್ದದ್ದರ ಎರಡನೇ ಪ್ರತಿ, ತೆಗೆಯುತ್ತಿದ್ದೆ. ಕಪ್ಪು ಪರದೆಯ ಮೇಲೆ ಬ್ಯಾಕಪ್ ಎಂದು ಟೈಪ್ ಮಾಡಿ, ಎಲ್ಲಿಂದ ಎನ್ನುವುದಕ್ಕೆ ಸಿ, ಅಂದರೆ ಮಶೀನಿನೊಳಗಿನ ಡಿಸ್ಕು, ಎಲ್ಲಿಗೆ ಎನ್ನುವುದಕ್ಕೆ ಎ, ಅಂದರೆ ಫ್ಲಾಪಿ, ಎಂದು ಬರೆದು ಎಂಟರ್ ಒತ್ತಿದರೆ, ಒಂದನೇ ಫ್ಲಾಪಿ ಹಾಕು ಎಂದು ಮಶೀನು ಕೇಳುತ್ತಿತ್ತು. ಜೊತೆಗೆ ಒಂದು ಎಚ್ಚರಿಕೆ: ಈ ಫ್ಲಾಪಿಯಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಅಲ್ಲಿ ಪ್ರತಿ ಸಲವೂ ನನ್ನ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು. ಸಿ ಮತ್ತು ಎ ತಿರುವುಮುರುವಾಗಿಲ್ಲವಷ್ಟೇ ಎಂದು ಇನ್ನೊಮ್ಮೆ ಓದಿ, ಆಮೇಲೆ ಒತ್ತುತ್ತಿದ್ದೆ. ಕರಿಯ, ತೆಳ್ಳಗಿನ, ಅಂಗೈಗಿಂತ ಅಗಲದ ಫ್ಲಾಪಿ ಗರಗರ ಅನ್ನುತ್ತಿತ್ತು. ಒಂದು ತುಂಬಿದ ಮೇಲೆ ಎರಡನೆಯದು, ಹೀಗೆ ಡಬ್ಬಿ ತುಂಬುವವರೆಗೆ. ಎರಡು ಡಬ್ಬಿಗಳಿದ್ದವು, ಒಂದು ವಾರ ಇದು, ಮರುವಾರ ಅದು.

ಬರೆದಿಟ್ಟದ್ದನ್ನು ವಾಪಸು ತರಲು ಇನ್ನೊಂದು ಆಜ್ಞೆ ಇತ್ತು, ರಿಸ್ಟೋರ್. ಅದನ್ನು ನಾನು ಒಮ್ಮೆಯೂ ಟೈಪ್ ಮಾಡಿರಲಿಲ್ಲ. ಒಮ್ಮೆ ಮಾಡಿ ನೋಡೋಣವೇ ಎಂದರೆ ದೇಶಪಾಂಡೆಯವರು ಹೌಹಾರಿದ್ದರು. “ಬ್ಯಾಡ ಬ್ಯಾಡ. ಏನರೆ ಹೆಚ್ಚುಕಮ್ಮಿ ಆಗಿ ಒಳಗಿದ್ದದ್ದೂ ಹೋದ್ರ? ಬೇಕಾದಾಗ ಮಾಡೂಣು.” ಅದೂ ಸರಿ ಅನ್ನಿಸಿತ್ತು.

ಡಬ್ಬಿಗಳು ಕಂಪ್ಯೂಟರ್ ಕೋಣೆಯಲ್ಲೇ ಇರಬಾರದು, ಬೆಂಕಿಗಿಂಕಿ ಬಿದ್ದರೆ ಎರಡೂ ಹೋಗುತ್ತವೆ, ಬೇರೆ ಕಟ್ಟಡದಲ್ಲಿಡಬೇಕು ಎಂದು ದೇಶಪಾಂಡೆಯವರು ಪುಸ್ತಕದಲ್ಲಿ ಓದಿಕೊಂಡಿದ್ದರು. ಧೂಳು ಬರದ ಇನ್ನೊಂದು ಕೋಣೆ ಇಡೀ ಕಾರ್ಖಾನೆಯಲ್ಲಿ ಎಲ್ಲಿದೆ? ಒಂದೇ ಒಂದಿತ್ತು. ಕಲ್ಲು ಒಡೆಯುವ ಕ್ರಷರಿನ ಪಕ್ಕದಲ್ಲಿ ವಿದ್ಯುತ್ತಿನ ಸ್ವಿಚ್ಚುಗಳ ಕೋಣೆ, ಅದಕ್ಕೂ ಏಸಿ ಹಾಕಿಸಿದ್ದರು. ಅಲ್ಲಿ ಗೋಡೆಗೆ ಹೊಂದಿದ ಕಟ್ಟಿಗೆಯ ಕಪಾಟಿನಲ್ಲಿ ಡಬ್ಬಿಗಳನ್ನಿಡುವುದೆಂದಾಯಿತು. ಆ ಕಡೆಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ದೇಶಪಾಂಡೆಯವರು ಅಂಗಿ ಹೊಲಸಾಗುತ್ತದೆಂದು ಹೋಗುತ್ತಿರಲಿಲ್ಲ. ಕ್ರಷರಿನವರು ಆಫೀಸಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ನಮ್ಮ ಕಾರ್ಖಾನೆಯ ರೀತಿಯೇ ಹಾಗಿತ್ತು, ಬಿಳಿ ಅಂಗಿಯವರ ಊರು ಬೇರೆ, ಧೂಳಿನವರ ಊರು ಬೇರೆ.

ಡಬ್ಬಿ ಒಯ್ಯುವ ಕೆಲಸವನ್ನು ಮಲ್ಲಣ್ಣನೇ ಕೇಳಿ ತೆಗೆದುಕೊಂಡ. ಶನಿವಾರ ಪಾಳಿ ಮುಗಿದ ಮೇಲೆ ಕೈಕಾಲು ತೊಳೆದು ನನ್ನ ಬಾಗಿಲ ಹತ್ತಿರ ಬಂದು, “ಕೊಡವಾ ನಿನ್ನ ಕೂಸಿನ್ನ” ಎನ್ನುತ್ತಿದ್ದ. ಪ್ಲಾಸ್ಟಿಕ್ ಹಾಳೆ ಸುತ್ತಿದ ಡಬ್ಬಿಯನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದ. ಹೋದವನು ಬೇಗ ಬರುತ್ತಿರಲಿಲ್ಲ. ಆ ತಣ್ಣನೆಯ ಕೋಣೆಯಲ್ಲಿ ಕಪಾಟಿನ ಪಕ್ಕ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದ. “ಅಲ್ಲಿ ಉಸುರು ಎಷ್ಟು ಹಗೂರ ಆಡ್ತದ ಶಾಂತಾ, ಎದಿ ಮ್ಯಾಲಿಂದ ಯಾರೋ ಎದ್ದು ಹ್ವಾದಂಗ ಅನಸ್ತದ” ಎಂದಿದ್ದ ಒಮ್ಮೆ. ವಾರದಲ್ಲಿ ಅವನಿಗಿದ್ದ ಸುಖ ಅದೊಂದೇ.

ಅದೇ ದಿನಗಳಲ್ಲಿ ಅವನ ಕೈಗಡಿಯಾರ ಕೆಟ್ಟಿತು. ಮದುವೆಯಲ್ಲಿ ವೈನಿಯ ತವರಿನವರು ಹಾಕಿದ್ದು, ಕೀಲಿ ಕೊಡುವ ಗಡಿಯಾರ. ಮೊದಲು ಎದ್ದುಬಿದ್ದು ಓಡುತ್ತಿತ್ತು, ಆಮೇಲೆ ನಿಂತೇ ಹೋಯಿತು. “ನಿಮ್ಮ ಅಪ್ಪ ಕೊಟ್ಟಿದ್ದು ಇಷ್ಟಾ ನೋಡು” ಎಂದು ಅವನು, “ನಿಮ್ಮ ಕೈಗುಣ ಹಂಗದ” ಎಂದು ಅವಳು. ನಿಂತ ಗಡಿಯಾರವನ್ನೇ ಕಟ್ಟಿಕೊಂಡು ತಿರುಗುತ್ತಿದ್ದ. ಧೂಳು ಹೊಕ್ಕಿರಬೇಕು ಎಂದುಕೊಂಡೆವು. ಆ ಊರಲ್ಲಿ ಏನು ಕೆಟ್ಟರೂ ಧೂಳೇ ಕಾರಣ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮಳೆ ಹುಯ್ದು ಕೆಡವಿತು. ಕಾಗಿಣಾ ಹೊಳೆ ತುಂಬಿ ಬಂದು ಮಳಖೇಡದ ಕಡೆ ದಾರಿ ನಿಂತಿದೆ ಎಂದು ಡ್ರೈವರುಗಳು ಹೇಳುತ್ತಿದ್ದರು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಮಶೀನು ಆರಿಸಲು ನಾನು ಕೈ ಚಾಚುವಷ್ಟರಲ್ಲಿ ಅದರ ಹೊಟ್ಟೆಯಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂಥ ಸದ್ದು ಬಂತು. ಆಮೇಲೆ ಪರದೆ ಕಪ್ಪಾಗಿಯೇ ಉಳಿಯಿತು. ಹೈದರಾಬಾದಿನಿಂದ ರಿಪೇರಿಯವರು ಬಂದು ಹಳೆಯ ಡಿಸ್ಕು ಸತ್ತಿದೆ, ಅದರೊಳಗಿನದು ಇನ್ನು ಬರುವುದಿಲ್ಲ ಎಂದು ಹೊಸದನ್ನು ಕೂರಿಸಿ ಹೋದರು. ನಮಗೆ ಹೆದರಿಕೆಯೇನೂ ಆಗಲಿಲ್ಲ. ಡಾಕ್ಟರರು ಬಂದು, “ಹೆಂಗ ಬೇಟಿ, ನಮ್ಮದೆಲ್ಲಾ ಪಾಡ ಅದಲ್ಲ, ಏನೂ ಹೋಗಿಲ್ಲಲ?” ಎಂದರೆ, “ಎರಡು ಡಬ್ಬಿ ತುಂಬ ಅದಾವ್ರಿ ಸಾಹೇಬ್ರ” ಎಂದು ಜಂಬದಿಂದಲೇ ಹೇಳಿದೆ.

ಡಬ್ಬಿ ತರಿಸಿದೆವು. ಮೊದಲ ಸಲ ರಿಸ್ಟೋರ್ ಎಂದು ಟೈಪ್ ಮಾಡಿ ಒಂದನೇ ಫ್ಲಾಪಿ ಹಾಕಿದೆ. ಗರಗರ ಎಂದಿತು, ತಡೆಯಿತು, ಮತ್ತೆ ಗರಗರ ಎಂದಿತು. ಇದನ್ನು ಓದಲಾಗುತ್ತಿಲ್ಲ ಎಂದು ಪರದೆ ಹೇಳಿತು. ಕೆಳಗೆ ಮೂರು ದಾರಿ ಕೊಟ್ಟಿತು: ಕೈಬಿಡುವುದೋ, ಮತ್ತೆ ಮಾಡಿ ನೋಡುವುದೋ, ಕಡೆಗಣಿಸುವುದೋ. ಮತ್ತೆ ಎಂದು ಒತ್ತಿದೆ. ಅದೇ ಉತ್ತರ. ಮತ್ತೆ. ಅದೇ. ಎರಡನೇ ಫ್ಲಾಪಿ, ಮೂರನೆಯದು, ಇನ್ನೊಂದು ಡಬ್ಬಿ. ದೇಶಪಾಂಡೆಯವರು ನನ್ನನ್ನು ಎಬ್ಬಿಸಿ ತಾವೇ ಕೂತರು. ಡಾಕ್ಟರರು ಚಪ್ಪಲಿ ಬಿಚ್ಚುವುದನ್ನೂ ಮರೆತು ಒಳಗೆ ಬಂದು ನಿಂತಿದ್ದರು. ಯಾವ ಫ್ಲಾಪಿಯಲ್ಲೂ ಒಂದು ಅಕ್ಷರವೂ ಇರಲಿಲ್ಲ. ನಾನೇ ಬ್ಯಾಕಪ್ ತೆಗೆದಿಲ್ಲವೇನೋ, ಇಷ್ಟು ಶನಿವಾರ ಕನಸು ಕಂಡೆನೇನೋ ಅನ್ನಿಸಿಬಿಟ್ಟಿತು.

ಆವತ್ತು ಸಂಜೆ ಏರಿನ ಹತ್ತಿರ ಅಣ್ಣ ಸೈಕಲ್ಲಿನಿಂದ ಇಳಿದಾಗ ನಾನು ಅಲ್ಲೇ ಪರಸಿ ಚಪ್ಪಡಿ ಕಲ್ಲಿನ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ.

“ಯಾಕ ಅಳ್ತೀ ಹುಚ್ಚಿ? ಡಬ್ಬ್ಯಾಗ ನೀ ಬರದೀದಿ ಅಂತ ನನಗ ಗೊತ್ತಿಲ್ಲೇನು?”

“ಬರದೀನಿ ಅಣ್ಣಾ, ಬಸವಣ್ಣನ ಆಣೆ ಮಾಡಿ ಹೇಳ್ತೀನಿ. ಆದ್ರ ಈಗ ಏನೂ ಇಲ್ಲ, ಖಾಲಿ.”

“ಹಂಗ ಹ್ಯಾಂಗ ಖಾಲಿ ಆಗ್ತದ? ಇಲಿ ತಿಂತೇನು?”

“ಅದು ಹಾಡಿನ ಕ್ಯಾಸೆಟ್ ಇರ್ತದಲ, ಹಂಗಾ ಇರ್ತದ ಒಳಗ. ಬಿಸಿಲಿಗೆ ಇಟ್ರ ಹೋಗ್ತದ, ಧೂಳು ಹೊಕ್ಕರ ಹೋಗ್ತದ, ಇಲ್ಲಾ ಮ್ಯಾಗ್ನೆಟ್ ಹತ್ರ ಒಯ್ದ್ರ ಹೋಗ್ತದ ಅಂತ ಕಲಸ್ಯಾರ. ಅಲ್ಲಿ ಬಿಸಿಲೂ ಇಲ್ಲ, ಧೂಳೂ ಇಲ್ಲ.”

ಅವನು ಸೈಕಲ್ ಹಿಡಿಕೆ ಹಿಡಿದು ನಿಂತವನು ಹಾಗೇ ನಿಂತ. “ಮ್ಯಾಗ್ನೆಟ್ ಅಂದ್ರ ಕಬ್ಬಿಣಾ ಎಳ್ಕೋತದಲ, ಅದಾ?”

“ಹೂಂ.”

ಅವನು ಕೈ ಮುಂದೆ ಮಾಡಿದ. ಮಣಿಕಟ್ಟಿನ ಮೇಲೆ ಆ ನಿಂತ ಗಡಿಯಾರ ಇತ್ತು.

ಆ ಕೋಣೆಯ ಗೋಡೆಯಾಚೆ ಏನಿದೆ ಎಂದು ಆಗ ಹೇಳಿದ. ಖಣಿಯಿಂದ ಬರುವ ಕಲ್ಲಿನೊಳಗೆ ಮುರಿದ ಸುತ್ತಿಗೆ, ಮೊಳೆ, ಬೋಲ್ಟು ಸೇರಿಬಿಟ್ಟರೆ ಗಿರಣಿ ಒಡೆಯುತ್ತದೆಂದು, ಬೆಲ್ಟಿನ ಮೇಲೆ ಆಳೆತ್ತರದ ವಿದ್ಯುತ್ ಮ್ಯಾಗ್ನೆಟ್ ತೂಗುಹಾಕಿದ್ದರು. ಪಾಳಿ ಮುಗಿದಾಗ ಅದನ್ನು ಹಳಿಯ ಮೇಲೆ ಸರಿಸಿ ಆ ಗೋಡೆಗೆ ಹತ್ತಿಸಿ ನಿಲ್ಲಿಸಿ, ಆಮೇಲೆ ಕರೆಂಟು ತೆಗೆದು ಹಿಡಿದ ಕಬ್ಬಿಣವನ್ನು ಉದುರಿಸುತ್ತಿದ್ದರು. ಗೋಡೆ ಎಂದರೆ ಒಂದೇ ಒಂದು ತೆಳ್ಳಗಿನ ಪರಸಿ ಹಾಸು. ಈ ಕಡೆ ನಮ್ಮ ಕಪಾಟು. ಕ್ರಷರಿನವರಿಗೆ ಮ್ಯಾಗ್ನೆಟ್ ಗೊತ್ತಿತ್ತು, ಡಬ್ಬಿಯಲ್ಲೇನಿದೆ ಎಂದು ಗೊತ್ತಿರಲಿಲ್ಲ. ನಮಗೆ ಡಬ್ಬಿ ಗೊತ್ತಿತ್ತು, ಗೋಡೆಯಾಚೆ ಗೊತ್ತಿರಲಿಲ್ಲ.

“ನಾನಾ ಒಯ್ದು ಇಟ್ಟೆನಲ ಶಾಂತಾ” ಎಂದ ಮಲ್ಲಣ್ಣ. “ಎದಿಗೆ ಅವಚ್ಕೊಂಡು ಒಯ್ದು ಇಟ್ಟೆನಲ.” ಅವನು ಅಳಲಿಲ್ಲ. ಅಳಲಿಕ್ಕೂ ದಮ್ಮು ಬೇಕಾಗುತ್ತದೆ. ಕೆಮ್ಮು ಬಂತು, ಕೆಮ್ಮಿದ, ಆಮೇಲೆ ಇಬ್ಬರೂ ಸೈಕಲ್ ತಳ್ಳಿಕೊಂಡು ಏರು ಹತ್ತಿದೆವು.

ಮರುದಿನ ದೇಶಪಾಂಡೆಯವರಿಗೆ ಹೇಳಿದೆ. ಅವರ ಮುಖ ಸುಣ್ಣವಾಯಿತು. “ನಿನಗ ಗೊತ್ತಿತ್ತೇನು ಶಾಂತಾ, ಅಲ್ಲಿ ಅದು ಅದ ಅಂತ?” ಎಂದರು. “ಇಲ್ರಿ” ಎಂದೆ. “ನನಗೂ ಗೊತ್ತಿದ್ದಿಲ್ಲ. ಒಮ್ಮೆರೆ ಹೋಗಿ ನೋಡಿದ್ರ…” ಎಂದು ಅಷ್ಟಕ್ಕೇ ನಿಲ್ಲಿಸಿ ತಲೆಗೆ ಕೈಹಚ್ಚಿ ಕೂತರು. ಯಾರನ್ನು ಬಯ್ಯಬೇಕು ಹೇಳಿ? ಬಯ್ಯಲಿಕ್ಕೆ ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೂ ಜೀವಕ್ಕೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಡಾಕ್ಟರರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. “ಪೊಟ್ಣ! ಪೊಟ್ಣದ ಕಾಗದಾ ಹುಡುಕೂಣು!” ಎಂದು ಎದ್ದರು. ನಾನು, ಅವರು, ಕಂಪೌಂಡರ್ ಮೂವರೂ ಮಳೆಯಲ್ಲಿ ಮನೆಮನೆ ತಿರುಗಿದೆವು. ಲೇಬರ್ ಕಾಲನಿ, ಭಂಕೂರು, ಸುತ್ತಲಿನ ಊರು. “ದವಾಖಾನಿಂದ ಗುಳಿಗಿ ಕಟ್ಟಿ ಕೊಟ್ಟಿದ್ದ ಕಾಗದಾ ಏನರ ಅದಾವೇನ್ರಿ?” ಎಂದು ಕೇಳಿದರೆ ಹೆಂಗಸರು ನಮ್ಮ ಮುಖ ನೋಡುತ್ತಿದ್ದರು. “ಅವನ್ನ್ಯಾರು ಇಟ್ಕೋತಾರ ಯವ್ವಾ, ಒಲಿ ಹಚ್ಚೀನಿ.” ಒಬ್ಬಳು ಕುಂಕುಮ ಕಟ್ಟಿಟ್ಟಿದ್ದಳು. ಇನ್ನೊಬ್ಬಳ ಮನೆಯ ಗೂಡಿನಲ್ಲಿ ಸೌತೆ ಬೀಜ ಕಟ್ಟಿದ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದರೆ ಡಾಕ್ಟರರದೇ ಅಕ್ಷರ, ದಮ್ಮಿನ ಅಂಕಿ ನಿಚ್ಚಳವಾಗಿದೆ, ಹೆಸರಿದ್ದ ಕಡೆ ಕತ್ತರಿ ಆಡಿದೆ. ಯಾರ ಉಸಿರೋ ಏನೋ. ಡಾಕ್ಟರರು ಅದನ್ನು ಬಹಳ ಹೊತ್ತು ನೋಡಿ, ಬೀಜವನ್ನು ಅದರಲ್ಲೇ ಕಟ್ಟಿ ಆ ಹೆಣ್ಣುಮಗಳ ಕೈಗೆ ವಾಪಸು ಕೊಟ್ಟರು. ಆಮೇಲೆ ನಾವು ಹುಡುಕಲು ಹೋಗಲಿಲ್ಲ.

ದಸರೆ ಕಳೆದು ಕಮಿಟಿ ಬಂತು. ಬಂದ ಮೂವರೂ ಮೂಗಿಗೆ ಕರವಸ್ತ್ರ ಹಿಡಿದೇ ಪ್ಯಾಕಿಂಗ್ ವಿಭಾಗ ನೋಡಿದರು, ಅದರ ಮೇಲೂ ಅವರಿಗೆ ಪುರಾವೆ ಬೇಕಿತ್ತು. ಡಾಕ್ಟರರು ಬರಿಗೈಯಲ್ಲಿ ನಿಂತು ವಾದ ಮಾಡಿದರು. ಗಂಡಸರನ್ನು ಸಾಲಾಗಿ ನಿಲ್ಲಿಸಿ ಊದಿಸಿದರು. ಮುಳ್ಳು ಏಳಲಿಲ್ಲ. “ಬೀಡಿ ಸೇದ್ತಾರ ಇವರೆಲ್ಲಾ” ಎಂದರು ಅವರಲ್ಲೊಬ್ಬರು. “ಇಂವಾ ಸೇದಂಗಿಲ್ರಿ, ಕೊರಳಾಗ ಲಿಂಗ ಅದ, ಚಹಾ ಬಿಟ್ರ ಯಾವ ಚಟಾ ಇಲ್ಲ ಇವಗ” ಎಂದು ಡಾಕ್ಟರರು ಮಲ್ಲಣ್ಣನ ಭುಜ ಹಿಡಿದು ಮುಂದೆ ತಂದರು. ಒಂದು ದಿನ ಊದಿದ್ದರಿಂದ ಏನೂ ಸಾಬೀತಾಗುವುದಿಲ್ಲ, ಇವತ್ತಿನಿಂದ ಸರಿಯಾಗಿ ಬರೆದಿಡಿ, ಎರಡು ವರ್ಷ ಬಿಟ್ಟು ನೋಡೋಣ ಎಂದು ಕಮಿಟಿಯವರು ಎದ್ದರು. ಪರದೆಯ ಮೇಲಿನ ಮೂರು ದಾರಿ ನನಗೆ ನೆನಪಾದವು. ಅವರು ಮೂರನೆಯದನ್ನು, ಕಡೆಗಣಿಸುವುದನ್ನು, ಆರಿಸಿಕೊಂಡಿದ್ದರು.

“ಬಿಟ್ಟುಬಿಡು ಅಣ್ಣಾ ಈ ಕೆಲಸ” ಎಂದೆ ಮನೆಯಲ್ಲಿ.

“ಬಿಟ್ಟು ಎಲ್ಲಿಗಿ ಹೋಗ್ಲಿ? ಕಲ್ಲಿನ ಖಣಿಗಿ? ಅಲ್ಲೇನು ಅತ್ತರ ಹೊಡೀತಾರೇನು?” ಎಂದು ನಕ್ಕ. “ಇರ್ಲಿ ಬಿಡು. ಡಾಕ್ಟರ್ ಸಾಬ್ರು ಮತ್ತ ಊದಸ್ತೀನಿ ಅಂದಾರ. ಊದೂಣು.”

ಮತ್ತೆ ಊದಿಸಿದರು. ಈ ಸಲ ಕಂಪ್ಯೂಟರ್ ಬೇಡವೆಂದರು. ನನ್ನನ್ನು ಮತ್ತೆ ಟೈಪ್‌ರೈಟರಿಗೆ ಹಾಕಿದ್ದರು, ಬ್ಯಾಕಪ್ ಸರಿಯಾಗಿ ತೆಗೆಯದ ಹುಡುಗಿ ಎಂದು ಆಫೀಸಿನಲ್ಲಿ ಗುಸುಗುಸು ನಡೆದೇ ಇತ್ತು. ತಿಂಗಳಿಗೊಮ್ಮೆ ಡಾಕ್ಟರರ ಅಂಕಿಗಳನ್ನು ನಾನೇ ಕಾರ್ಬನ್ ಹಾಕಿ ಟೈಪ್ ಮಾಡುತ್ತಿದ್ದೆ. ಮೇಲಿನ ಪ್ರತಿ ದವಾಖಾನೆಗೆ, ಕೆಳಗಿನ ಪ್ರತಿ ಶಹಾಬಾದದ ಅವರ ಮನೆಯ ಟ್ರಂಕಿಗೆ. ಒಡಹುಟ್ಟಿದವನ ಹೆಸರಿನ ಮುಂದೆ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುವ ಅಂಕಿ ಹೊಡೆಯುವುದೆಂದರೆ ಏನು ಎಂದು ನಾನು ಯಾರಿಗೆ ಹೇಳಲಿ? ಹೋದ ಸಲಕ್ಕಿಂತ ಎರಡಾದರೂ ಜಾಸ್ತಿ ಹೊಡೆದುಬಿಡಲೇ ಅನ್ನಿಸುತ್ತಿತ್ತು. ಜಾಸ್ತಿ ಹೊಡೆದರೆ ಅವನ ಕೇಸೇ ಬಿದ್ದುಹೋಗುತ್ತದೆ. ಕೇಸು ಗೆಲ್ಲಬೇಕೆಂದರೆ ಅವನ ದಮ್ಮು ಇಳಿಯಲೇಬೇಕು. ದೇವರೇ, ಎಂಥಾ ಲೆಕ್ಕ ಅದು! ಏರಿನ ಬುಡಕ್ಕೆ ಬಂದಾಗ ಅವನು ಈಗ ಚೈನಿನ ನೆಪ ಹೇಳುತ್ತಿರಲಿಲ್ಲ. ನಾನು ಸೈಕಲ್ ತಳ್ಳುತ್ತಿದ್ದೆ, ಅವನು ಸೀಟು ಹಿಡಿ‌ದುಕೊಂಡು ಹಿಂದೆ ಬರುತ್ತಿದ್ದ. ಆಮೇಲೆ ಅದೂ ಆಗದೆ ಹಾಸಿಗೆ ಹಿಡಿದ.

ಎರಡನೇ ಮಳೆಗಾಲ ಮುಗಿಯುವ ಮೊದಲೇ ಮಲ್ಲಣ್ಣ ಹೋದ. ಆ ತಿಂಗಳ ಹಾಳೆ ಟೈಪ್ ಮಾಡುವಾಗ ಅವನ ಹೆಸರಿನ ಮುಂದೆ ಏನು ಹೊಡೆಯಲಿ ಎಂದು ಡಾಕ್ಟರರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, “ಒಂದು ಗೆರಿ ಹೊಡಿ ಬೇಟಿ” ಎಂದರು. ಹೊಡೆದೆ. ಕೆಳಗಿನ ಪ್ರತಿಗೂ ಇಳಿಯುವಂತೆ ಜೋರಾಗಿ ಹೊಡೆದೆ.

ದಸರೆಯಾದ ಮೇಲೆ ಕಮಿಟಿ ಮತ್ತೆ ಬಂತು. ಈ ಸಲ ಕಾಗದ ಇತ್ತು. ಎಲ್ಲ ಸಾಲುಗಳ ಮೇಲೂ ಬೆರಳಾಡಿಸಿ ಮಲ್ಲಣ್ಣನ ಸಾಲಿಗೆ ಬಂದಾಗ, “ಇದು ಪಕ್ಕಾ ಅದ” ಎಂದರಂತೆ. ಉಳಿದವರನ್ನೆಲ್ಲ ಪ್ಯಾಕಿಂಗಿನಿಂದ ಬಿಡಿಸಿದರು. ಅವರು ಗೇಟಿನ ಹತ್ತಿರ ಬೇವಿನ ಗಿಡ ಹಚ್ಚಿ ನೀರು ಹಾಕುತ್ತಿದ್ದರು. ನನ್ನನ್ನು ಕಂಡರೆ ಕೈಯಲ್ಲಿನ ಕೊಡ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ನಾನು ಆ ಕಡೆ ನೋಡದೆ ಹೋಗಿಬಿಡುತ್ತಿದ್ದೆ. ಹೋದ ವರ್ಷ ಗಾಡಿಯ ಕಿಟಕಿ ಹಾಕುವ ಮೊದಲು ಕಂಡೆ, ಕಾರ್ಖಾನೆಯ ಜಾಗದಲ್ಲಿ ಏನೂ ಇಲ್ಲ, ಆ ಬೇವಿನ ಮರಗಳಷ್ಟೇ ಇವೆ.

ಅಣ್ಣನ ದಿನಕರ್ಮವಾದ ಮೇಲೆ ವೈನಿ ಆ ಗಡಿಯಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನೊಡನೆ ವಾಡಿಯ ಬಜಾರಕ್ಕೆ ಬಂದಳು. ರಿಪೇರಿ ಅಂಗಡಿಯವನು ಅದನ್ನು ತಂತಿ ಸುತ್ತಿದ ಒಂದು ಬಳೆಯಂಥದ್ದರೊಳಗೆ ತೂರಿಸಿ, ಗುಂಡಿ ಒತ್ತಿ, ನಿಧಾನಕ್ಕೆ ಹೊರಗೆಳೆದ. ಕೀಲಿ ಕೊಟ್ಟ. ಗಡಿಯಾರ ಟಿಕ್ ಟಿಕ್ ಎಂದಿತು. “ಏನೂ ಆಗಿದ್ದಿಲ್ಲ ತಗೋರಿ, ಮ್ಯಾಗ್ನೆಟ್ ಹಿಡಿದಿತ್ತು, ಬಿಡಸೀನಿ” ಎಂದ.

ವೈನಿ ಅದನ್ನು ಕಿವಿಗೆ ಹಿಡಿದುಕೊಂಡೇ ಮನೆಯ ತನಕ ಬಂದಳು. ರಾತ್ರಿಯೂ ತಲೆದಿಂಬಿನ ಹತ್ತಿರ ಇಟ್ಟುಕೊಂಡಳು. ಮರುದಿನ ಕೀಲಿ ಇಳಿದು ಅದು ನಿಂತಿತು. ನಾನು ಕೀಲಿ ಕೊಡಲು ಕೈ ಚಾಚಿದೆ.

“ಬ್ಯಾಡ” ಎಂದಳು ವೈನಿ. “ಅವರು ಇದ್ದಾಗ ನಿಂತಿತ್ತು. ಹಂಗಾ ಇರ್ಲಿ.”